ದಿಡ್ಡಿ ತಗದವರ ಮನಿ

ನನಗ ಒಂದ ಕಡೆ ಕುಂಡ್ರಾಕ ಬರಂಗಿಲ್ಲ. ಜಮಖಂಡ್ಯಾಗ ಇಷ್ಟು ವರ್ಷ ಸಾಲಿ ಕಲಿಸಿದೆ, ಒಂದು ದಿನಾನೂ ಖುರ್ಚಿ ಮ್ಯಾಲ ಕುಂತು ಪಾಠಾ ಹೇಳಿದಾಕಿ ಅಲ್ಲ. ಬಾಗಲದಿಂದ ಕಿಡಕಿಗೆ, ಕಿಡಕಿಯಿಂದ ಬಾಗಲಕ್ಕ ತಿರಗತಿದ್ದೆ. ಹುಡುಗ್ರು ನನ್ನ ಹಿಂದ ‘ಗಿರಣಿ ಅಕ್ಕಾರು’ ಅಂತಿದ್ರು, ಅದು ನನಗ ಗೊತ್ತಿತ್ತು. ರಿಟೈರ್ ಆದ ಮ್ಯಾಲ ಮನ್ಯಾಗೂ ಅದ ಹಾಡು. ನಮ್ಮ ಮನ್ಯಾವ್ರು ಪೇಪರ್ ಓದಕೋತ, “ಕಾಲಿಗೆ ಚಕ್ಕಡಿ ಗಾಲಿ ಕಟಗೊಂಡೀಯೇನ ಮಾರಾಯ್ತಿ? ಒಂದೀಟು ಕುಂಡ್ರ,” ಅಂತಾರ. ಅವರು ಅನ್ನೂದು ಖರೆ ಐತಿ. ಆದ್ರ ಕುಂತ್ರ ತಲ್ಯಾಗ ಏನೇನೋ ಓಡಾಡತಾವ, ಅದಕ್ಕ ನಾನ ಎದ್ದು ಓಡಾಡತೇನಿ.

ನನ್ನ ತವರೂರು ಬೀಳಗಿ ಕಡೆ. ಹೆಸರು ಬ್ಯಾಡ, ಬರದ್ರ ನಾಳೆ ಹತ್ತು ಮಂದಿ ಫೋನ್ ಮಾಡಿ ಜಗಳಾ ತಗೀತಾರ. ಘಟಪ್ರಭಾ ಹೊಳಿ ದಂಡಿಗೆ ಒಂದು ಗುಡ್ಡ, ಗುಡ್ಡದ ನೆತ್ತಿ ಮ್ಯಾಲ ಕಲ್ಲಿನ ಕ್ವಾಟಿ, ಕ್ವಾಟಿ ಒಳಗ ಊರು. ಹೋಗಾಕ ಬರಾಕ ಒಂದ ದೊಡ್ಡ ಬಾಗಲಾ, ಅದಕ್ಕ ಅಗಸಿ ಅಂತೀವಿ. ಅಗಸಿ ಎಡಕ ಬಲಕ ಎರಡು ದುಂಡನ ಹುಡೇವು, ಕಾವಲಿನ ಬುರುಜು. ಹುಡೇವು ಹತ್ತಿ ನಿಂತ್ರ ಕೆಳಗ ಹೊಳಿ, ಹೊಳಿ ಎರಡೂ ಕಡೆ ಕಬ್ಬು, ದೂರದಾಗ ಬಾಡಗಂಡಿ ಸಕ್ರಿ ಫ್ಯಾಕ್ಟರಿ ಹೊಗಿ. ಸಣ್ಣಾಕಿ ಇದ್ದಾಗ ನಾನು ಅಲ್ಲೇ ನಿಂತು, ಇಲ್ಲಿಂದ ಯಾವಾಗ ಇಳದು ಹೋಗಲಿ ಅಂತ ನೋಡತಿದ್ದೆ. ಈಗ ಜಮಖಂಡ್ಯಾಗ ನಿಂತು ಯಾವಾಗ ಹತ್ತಲಿ ಅಂತ ನೋಡತೇನಿ.

ನಮ್ಮೂರಾಗ ಒಂದು ಪದ್ಧತಿ ಐತಿ. ಮನಿಮಂದಿ ಪರಊರಿಗೆ ಹೊಂಟ್ರ ಬಾಗಲಕ್ಕ ಕೀಲಿ ಜಡದು, ಕೀಲಿಕೈ ಎದುರು ಮನ್ಯಾವ್ರ ಕೈಯಾಗ ಕೊಟ್ಟು ಹೋಗತಾರ. ಸಂಜಿಮುಂದ ದೇವರ ಮುಂದ ದೀಪಾ ಹಚ್ಚಬೇಕು, ಎಮ್ಮಿಗೆ ನೀರು ಕುಡಸಬೇಕು, ಮಳಿ ಬಂದ್ರ ಮಾಳಗಿ ಹತ್ತಿ ಬೆಳಕಿಂಡಿ ಮುಚ್ಚಬೇಕು. ಹಿಂಗ ಊರ ಕೀಲಿಕೈಗಳು ಈ ಮನಿಂದ ಆ ಮನಿಗೆ ವರ್ಷಾ ಪೂರ್ತಿ ತಿರಗತಾವ. ನಮ್ಮ ಮನಿಗೆ ಮಾತ್ರ ಬರಂಗಿಲ್ಲ. ನಮ್ಮ ಮುತ್ಯಾನ ಕಾಲಕ್ಕೂ ಬಂದಿಲ್ಲ, ಆ ಮುತ್ಯಾನ ಮುತ್ಯಾನ ಕಾಲಕ್ಕೂ ಬಂದಿಲ್ಲಂತ.

ನಮ್ಮ ಎದುರು ಮನ್ಯಾಗ ಒಬ್ಬಾಕಿ ದೊಡ್ಡವ್ವ. ಒಳ್ಳೆ ಮನಷ್ಯಾಳು. ನಾನು ಹುಟ್ಟಿದಾಗ ಹೊಕ್ಕಳ ಕೊಯ್ದಾಕಿ ಆಕಿ, ನಮ್ಮ ಮನ್ಯಾಗ ಮಜ್ಜಗಿ ಇಲ್ಲಂದ್ರ ಕೇಳೂಕಿಂತ ಮೊದಲ ತಂಬಗಿ ತುಂಬ ತಂದು ಇಡಾಕಿ. ನನಗ ಏಳೋ ಎಂಟೋ ವರ್ಷ ಇರಬೇಕು, ಒಮ್ಮೆ ಆಕಿ ಮನಿಗೆ ಕೀಲಿ ಹಾಕಿ ಹುನ್ನೂರಿಗೆ ಹೊಂಟಿದ್ಲು. ಕೀಲಿಕೈ ಕೈಯಾಗ ಹಿಡಕೊಂಡು ನಮ್ಮ ಕಟ್ಟಿ ಮುಂದ ಹಾದು ನಾಕನೇ ಮನಿಗೆ ನಡದ್ಲು. ನಾನು ಓಡಿಹೋಗಿ ಅಂಗೈ ಚಾಚಿ, “ದೊಡ್ಡವ್ವ, ಇಲ್ಲಿ ಕೊಡ್ರಿ, ದೀಪಾ ನಾ ಹಚ್ಚತೇನಿ,” ಅಂದೆ. ಆಕಿ ನಕ್ಕೋತ ನನ್ನ ಗಲ್ಲಾ ಹಿಂಡಿ, “ನಿಮ್ಮ ಮನ್ಯಾಗ ಕೀಲಿಕೈ ಇಡೂದು ಪದ್ಧತಿ ಇಲ್ಲವ್ವಾ ಕೂಸ,” ಅಂದು, ಚಾಚಿದ ಅಂಗೈಯಾಗ ಒಂದು ಶೇಂಗಾ ಉಂಡಿ ಇಟ್ಟು ಹೋದ್ಲು. ಸಿಟ್ಟಿಲ್ಲ, ಸೆಡವಿಲ್ಲ. ಮಳಿ ಬರತೈತಿ ಅಂದಂಗ ಅಂದ್ಲು. ಒಳಗಿಂದ ಕೇಳಿಸಿಗೊಂಡ ನಮ್ಮವ್ವ ಹೊರಗ ಬಂದು ನನ್ನ ಕಪಾಳಕ್ಕ ಒಂದು ಬಿಟ್ಲು. ಉಂಡಿ ಕಸಗೊಂಡು ಎಮ್ಮಿಗೆ ಹಾಕಿದ್ಲು. ಆಮ್ಯಾಲ ಕೊಟ್ಟಿಗ್ಯಾಗ ಕುಂತು ಅತ್ಲು.

ಯಾಕ ಅಂತ ಹೇಳತೇನಿ. ಕ್ವಾಟಿಗೆ ಅಗಸಿ ಬಿಟ್ರ ಹಿಂದ ಇನ್ನೊಂದು ಸಣ್ಣ ಬಾಗಲಾ ಇತ್ತು, ಒಬ್ರು ಬಗ್ಗಿ ದಾಟೂವಷ್ಟು. ಅದಕ್ಕ ದಿಡ್ಡಿ ಅಂತಾರ. ಆ ದಿಡ್ಡಿ ಇದ್ದದ್ದು ನಮ್ಮ ಮನಿ ಹಿಂದ, ಈಗ ನಮ್ಮ ದನದ ಕೊಟ್ಟಿಗಿ ಇರೂ ಜಾಗಾದಾಗ. ಹಿಂದಕೊಮ್ಮೆ ಯಾವುದೋ ದಂಡು ಬಂದು ಗುಡ್ಡಕ್ಕ ಮುತ್ತಿಗಿ ಹಾಕಿತಂತ. ಅಗಸಿ ಮುರಿಯಾಕ ಆಗಲಿಲ್ಲಂತ. ಆಗ ನಮ್ಮ ಮನಿ ಸೊಸಿ ಒಬ್ಬಾಕಿ ದಿಡ್ಡಿ ತಗದ್ಲು, ದಂಡು ಒಳಗ ನುಗ್ಗಿತು, ಊರು ಹಾಳಾತು. ಬಂಗಾರದ ಆಸೆಕ್ಕ ತಗದ್ಲು ಅಂತ ಊರ ಮಂದಿ ಹೇಳತಾರ. ನೀರಿಗೆ ಹೋಗಿದ್ಲು, ಒಳಗ ಹೊಂಡ ಬತ್ತಿತ್ತು, ಕೂಸು ಬಾಯಿ ಬಿಡತಿತ್ತು ಅಂತ ನಮ್ಮ ಮನಿ ಹೆಂಗಸರು ಹೇಳತಾರ. ಊರ ಮಂದಿ ಕಟ್ಟಿ ಮ್ಯಾಲ ಕುಂತು ಹೇಳತಾರ, ನಮ್ಮವ್ರು ಒಲಿ ಮುಂದ ಕುಂತು ಹೇಳತಾರ. ಕಟ್ಟಿ ಮ್ಯಾಲಿನ ಮಾತು ಉಳದಂಗ ಒಲಿ ಮುಂದಿನ ಮಾತು ಉಳೀತೈತೇನ?

ನನಗ ಮೈ ಉರಿಯೂದು ಎದಕ ಗೊತ್ತೇನ? ಆ ದಂಡು ಯಾರದು ಅಂತ ಕೇಳ್ರಿ. ಒಬ್ಬ ಬಿಜಾಪುರದ ಬಾದಶಹಾಂದು ಅಂತಾನ, ಇನ್ನೊಬ್ಬ ಮರಾಠರದು ಅಂತಾನ, ಮೂರನೇದಾಂವ ದಿಲ್ಲಿಂದ ಬಂದಿತ್ತು ಅಂತಾನ. ಕ್ವಾಟಿ ಕಟ್ಟಿಸಿದ ರಾಜಾ ಯಾರು? ಗೊತ್ತಿಲ್ಲ. ಯಾವ ಕಾಲಕ್ಕ? ಗೊತ್ತಿಲ್ಲ. ಎಷ್ಟು ಮಂದಿ ಸತ್ರು? ಅದೂ ಗೊತ್ತಿಲ್ಲ. ಆದ್ರ ದಿಡ್ಡಿ ತಗದಾಕಿ ಯಾರ ಮನ್ಯಾಕಿ ಅನ್ನೂದು ತೊಟ್ಟಲದಾಗಿನ ಕೂಸಿಗೂ ಗೊತ್ತು. ಇತಿಹಾಸ ಅನ್ನೂದರಾಗ ನಮ್ಮೂರ ಮಂದಿ ಜ್ವಾಪಾನ ಮಾಡಿ ಇಟಗೊಂಡಿದ್ದು ಇದೊಂದ.

ಹ್ವಾದ ವರ್ಷ ಬ್ಯಾಸಗಿ ಮುಂದ ಪಂಚಾಯ್ತಿ ಅಧ್ಯಕ್ಷ ಜಮಖಂಡಿಗೆ ನಮ್ಮ ಮನಿಗೆ ಬಂದ. ಸಾಲ್ಯಾಗ ನನಗಿಂತ ಎರಡು ವರ್ಗ ಸಣ್ಣಾಂವ, ಮೊದಲಿಂದ ಬಾಯಿ ಜೋರು. ಚಾ ಕುಡದು ಬಸಿ ಕೆಳಗಿಟ್ಟು ಅಂದ: “ಅಕ್ಕಾರ, ಅಗಸಿ ಬಾಜೂಕ ಒಂದು ಕಲ್ಲು ನಿಲ್ಲಸಾಕತ್ತೇವಿ. ಕರೀಕಲ್ಲು, ಆಳೆತ್ತರ. ಊರ ಇತಿಹಾಸ ಅದರಾಗ ಕೆತ್ತಸಬೇಕು. ಊರಾಗ ಕನ್ನಡಾ ನೆಟ್ಟಗ ಬರಿಯಾಕ ಬರೂದು ನಿಮಗ ಒಬ್ರಿಗೆ. ನೀವು ಬರದು ಕೊಡ್ರಿ.”

ನನಗ ಹಿಗ್ಗಾತು, ಸುಳ್ಳ ಯಾಕ ಹೇಳಲಿ? ಹೂಂ ಅಂದೆ. ಆಂವ ಗೇಟ್ ದಾಟೂದ್ರಾಗ ಊರಿಂದ ಅವ್ವನ ಫೋನ್ ಬಂತು. ಅವ್ವ ತಮ್ಮನ ಸಂಗಾಟ ಊರಾಗ ಇರತಾಳ, ಎಂಬತ್ತು ದಾಟ್ಯಾವ, ಕಿವಿ ಇನ್ನೂ ಹಾವಿನ ಕಿವಿ. ಸುದ್ದಿ ಆಗಲೇ ಮುಟ್ಟಿತ್ತು.

“ಬರೀತೇನಿ ಅಂದಿ?”

“ಅಂದೆ ಬೇ.”

“ದಿಡ್ಡೀದು ಬರೀಬ್ಯಾಡ. ಬಾಯಿ ಮಾತು ಗಾಳಿಗೆ ಹೊಕ್ಕೈತಿ ನನ್ನವ್ವ. ಆಡಾವ್ರು ಸತ್ರ ಮಾತೂ ಸಾಯತೈತಿ. ಕಲ್ಲಿನ ಮ್ಯಾಲ ಬರದ್ರ ನಿನ್ನ ತಮ್ಮನ ಮೊಮ್ಮಕ್ಕಳೂ ಅದನ್ನ ಓದಕೋತ ಸಾಲಿಗೆ ಹೋಗಬೇಕು. ಈ ಮನಿಗೆ ನಾ ಸೊಸಿಯಾಗಿ ಬಂದು ಅರವತ್ತೈದು ವರ್ಷಾತು, ಒಬ್ರರ ನನ್ನ ಕೈಯಾಗ ಒಂದು ಕೀಲಿಕೈ ಇಟ್ಟಾರೇನ? ನಾ ಏನ್ ತಗದಿದ್ದೆ? ಹೇಳ, ನಾ ಯಾವ ಬಾಗಲಾ ತಗದಿದ್ದೆ?”

ಅವತ್ತಿಂದ ನನಗ ಊಟಾ ನಿದ್ದಿ ಸರಿ ಹೋಗಲಿಲ್ಲ. ಹಿತ್ತಲದಾಗ ತಿರಗೂದು, ಬಂದು ಎರಡು ಸಾಲು ಬರಿಯೂದು, ಹೊಡದು ಹಾಕೂದು, ಮತ್ತ ತಿರಗೂದು. ಕಡೀಕ ಬರದೆ. ಗುಡ್ಡ, ಹೊಳಿ, ಹುಡೇವು, ಅಗಸಿ ಕೆತ್ತನಿ ಎಲ್ಲಾ ಬರದೆ. ಮುತ್ತಿಗಿ ಬಂದಲ್ಲಿ ‘ಕಾಲಾನಂತರದಲ್ಲಿ ಕೋಟೆಯು ವೈರಿಗಳ ವಶವಾಯಿತು’ ಅಂತ ಒಂದ ಸಾಲು. ಅಡ್ಡಗ್ವಾಡಿ ಮ್ಯಾಲ ದೀಪಾ ಇಟ್ಟಂಗ. ಅವ್ವಗ ಫೋನಿನ್ಯಾಗ ಓದಿ ಹೇಳಿದೆ. “ಛಲೋ ಐತಿ,” ಅಂದ್ಲು.

ಒಂದು ಸೋಮವಾರ ಅಗಸಿ ಕಟ್ಟಿ ಮ್ಯಾಲ ಊರ ಮಂದಿ ಕೂಡಿದ್ರು. ಗಂಡಸ್ರು ಕಟ್ಟಿ ಮ್ಯಾಲ, ಹೆಂಗಸ್ರು ಎದುರಿಗೆ ಗ್ವಾಡಿ ನೆರಳಾಗ. ನಾನು ನಿಂತು ಓದಿದೆ. ಓದೂದು ನನಗ ಬರತೈತಿ, ಏರು ಇಳಿವು ಹಾಕಿ ಓದಿದೆ. ಮುಗದ ಮ್ಯಾಲ ಒಂದಿಬ್ರು ಚಪ್ಪಾಳಿ ತಟ್ಟಿದ್ರು. ಅಧ್ಯಕ್ಷ ತಲಿ ತುರಿಸಿಗೊಂಡ.

“ಎಲ್ಲಾ ಭೇಷ್ ಐತ್ರಿ ಅಕ್ಕಾರ. ದಿಡ್ಡಿ ಎಲ್ಲೈತಿ?”

ಹಿಂದ ಯಾರೋ, “ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡ್ರಂತ,” ಅಂದ. ಎಲ್ಲಾರೂ ನಕ್ರು. ಕೆಟ್ಟ ನಗಿ ಅಲ್ಲ ಅದು, ಚಾಷ್ಟಿ ನಗಿ. ಆದ್ರ ಗ್ವಾಡಿ ನೆರಳಾಗ ಕುಂತಿದ್ದ ನಮ್ಮವ್ವ ಸೆರಗ ಬಾಯಿಗೆ ಹಚಗೊಂಡು ಎದ್ದು ಮನಿ ಕಡೆ ನಡದ್ಲು. ಆಕಿ ಬೆನ್ನ ನೋಡಿದೆ, ನನ್ನ ತಲಿ ತಿರಗಿತು.

“ಹಂಗಾದ್ರ ನೀವ ಬರಕೋರಿ!” ಅಂತ ಒದರಿ ಹಾಳಿ ಕಟ್ಟಿ ಮ್ಯಾಲ ಒಗದೆ.

“ಸಿಟ್ಟಾಗಬ್ಯಾಡ್ರಿ ಅಕ್ಕಾರ. ಇತಿಹಾಸ ಇತಿಹಾಸ ನೋಡ್ರಿ. ಮುಂದಿನ ಸೋಮವಾರ ಅದನ್ನೂ ಸೇರಿಸಿ ತರ್ರಿ. ಕಲ್ಲು ಕೆತ್ತಾವ ಕಾಯಾಕತ್ತಾನ,” ಅಂದ ಆಂವ, ಹಾಳಿ ಆರಿಸಿ ಮಡಚಿ ನನ್ನ ಕೈಯಾಗ ಕೊಟ್ಟ.

ನಾನು ಜಮಖಂಡಿಗೆ ಹೋಗಲಿಲ್ಲ, ತವರಾಗ ಉಳದೆ. ಅವ್ವ ಮಾತಾಡವಲ್ಲಳು. ಒಂದು ಕಡೆ ಕುಂಡ್ರಾಕ ಆಗವಲ್ದು ನನಗ. ಮರುದಿನಾ ಹೊತ್ತೇರೂದ್ರಾಗ ಎದ್ದು, ಮೂಲ್ಯಾಗ ಬೋರಲ ಬಿದ್ದಿದ್ದ ತಾಮ್ರದ ಕೊಡ ಎತಗೊಂಡು ಹೊಂಟೆ. ನಳಾ ಬಂದ ಮ್ಯಾಲ ಆ ಕೊಡಾ ಯಾರೂ ಮುಟ್ಟಿರಲಿಲ್ಲ. ಎದಕ ಹೊಂಟೆ ಅಂತ ನನಗೂ ತಿಳೀಲಿಲ್ಲ. ಸಣ್ಣಾಕಿ ಇದ್ದಾಗ ಅವ್ವನ ಹಿಂದ ಸಣ್ಣ ಬಿಂದಗಿ ಹಿಡಕೊಂಡು ಹ್ವಾದ ದಾರಿ, ಕಾಲು ತಾವ ಹೊಂಟ್ವು.

ಅಗಸಿ ದಾಟಿ, ಹುಡೇವು ಬಳಸಿ, ಕ್ವಾಟಿ ಗ್ವಾಡಿ ಗುಂಟ ಗುಡ್ಡದ ಅರ್ಧಾ ಸುತ್ತು ಹಾಕಿ, ಕಡಿದಾದ ಏರು ಇಳದು ಹೊಳಿಗೆ ಮುಟ್ಟಬೇಕು. ಕೊಡ ತುಂಬಿದೆ. ತಲಿ ಮ್ಯಾಲ ಸಿಂಬಿ ಇಟ್ಟು ಹೊತ್ತೆ. ಅರ್ಧಾ ಏರು ಹತ್ತೂದ್ರಾಗ ನನ್ನ ಕುತಗಿ ಮುರಿತೈತಿ ಅನಸಿತು, ಎದಿ ಡವಡವ ಹೊಡಕೊಂಡಿತು. ಎಲ್ಲೂ ಕೆಳಗ ಇಡಾಕ ಜಾಗಾ ಇಲ್ಲ, ಇಟ್ರ ಉರುಳತೈತಿ. ಕಡೀಕ ಅರ್ಧಾ ನೀರು ಚಲ್ಲಿ ಅಗಸಿ ಮುಟ್ಟಿ ಗಡಿಯಾರ ನೋಡಿದೆ. ಇಳಿಯೂದು ಹತ್ತೂದು ಕೂಡಿ ಮುಕ್ಕಾಲು ತಾಸು. ನಮ್ಮವ್ವ ದಿನಕ್ಕ ಆರು ಕೊಡ ತರತಿದ್ಲು.

ಅಲ್ಲೇ ಸುಮ್ಮನ ಮನಿಗೆ ಹೋಗಬೇಕಿಲ್ಲ? ನಾನು ಮತ್ತ ಇಳದೆ. ಈ ಸಲ ಹೊಳಿ ದಂಡಿಗೆ ನಿಂತು ಮ್ಯಾಲ ನೋಡಿದ್ರ ನೆಟ್ಟಗ ತಲಿ ಮ್ಯಾಲ ನಮ್ಮ ಕೊಟ್ಟಿಗಿ ಗ್ವಾಡಿ ಕಂಡಿತು. ನಡುವ ಜಾಲಿ ಬೆಳದಿತ್ತು, ಜಾಲಿ ಬುಡಕ ಕಲ್ಲಿನ ಪಾವಟಿಗಿ. ಸೆರಗ ಬಿಗದು ಕಟಗೊಂಡು ಮುಳ್ಳು ಸರಿಸಿ ಹತ್ತಿದೆ. ಒಂದೊಂದು ಪಾವಟಿಗಿ ನಡುವ ತವಿ ತಳದಂಗ ತಗ್ಗು, ಅಷ್ಟು ಕಾಲು ಅದರ ಮ್ಯಾಲ ಓಡಾಡ್ಯಾವ. ಎಷ್ಟ ಕಾಲದ ಹೆಂಗಸರು ನೀರಿಗೆ ಇಳದಿರಬೇಕು ಅಲ್ಲಿ! ಕೊಡ ಹೊತಗೊಂಡ ಹತ್ತಿದೆ, ಹತ್ತು ನಿಮಿಷ ಆಗಿದ್ದಿಲ್ಲ, ದಿಡ್ಡಿ ಮುಂದ ನಿಂತಿದ್ದೆ. ಮ್ಯಾಲ ಕಮಾನಿನ ಕಲ್ಲು ಹಂಗ ಐತಿ, ಕೆಳಗ ಬಾಗಲದ ಜಾಗಾಕ್ಕ ಕಲ್ಲು ತುರುಕಿ ಗಚ್ಚು ಹಾಕ್ಯಾರ. ಆಚೆ ನಮ್ಮ ಕೊಟ್ಟಿಗಿ. ಅವ್ವ ಎಮ್ಮಿಗೆ ಬೈಯೂದು ಕೇಳಸತಿತ್ತು.

“ಎವ್ವಾ!” ಅಂತ ಒದರಿದೆ.

“ಯಾರದು?”

“ನಾನ ಬೇ.”

“ಎಲ್ಲಿದ್ದಿ?”

“ದಿಡ್ಡಿ ಹೊರಗ. ಕೊಡ ಹೊತ್ತು ನಿಂತೇನಿ.”

ಆಚೆ ಕಡೆ ಸಪ್ಪಳ ನಿಂತಿತು. ಎಮ್ಮೀನೂ ಮೆಲಕು ಹಾಕೂದು ಬಿಟ್ಟಂಗಾತು. ಎರಡು ಮಾರಿನ ಅಂತರದಾಗ ನನ್ನ ತಾಯಿ ನಿಂತಾಳ, ನನ್ನ ತಲಿ ಮ್ಯಾಲ ನೀರೈತಿ, ನಡುವ ಊರ ಸಿಟ್ಟಿನ ಕಲ್ಲು. ಅವ್ವ ಅಂದ್ಲು: “ಸುತ್ತಿ ಬಾ.”

ಆಗ ನನ್ನ ತಲ್ಯಾಗ ಹೊಳೀತು. ಅಯ್ಯ ಶಿವನ! ಇಷ್ಟು ವರ್ಷ ಇದು ನಮ್ಮ ಮನಿ ಅವಮಾನ, ನಮ್ಮ ಮನಿ ಶಿಕ್ಷಾ ಅಂತ ಅಳಕೋತ ಕುಂತಿದ್ವಿ. ದಿಡ್ಡಿ ಮುಚ್ಚಿದ್ದು ಎದಕ? ನಮ್ಮ ಮನಿ ಹೆಂಗಸು ಮತ್ತೆಂದೂ ಬಾಗಲಾ ತೆಗೀಬಾರದು ಅಂತ. ದಂಡು ಹೋಗಿ ಯಾವ ಕಾಲಾತೋ, ರಾಜರೂ ಹ್ವಾದ್ರು, ದಿಡ್ಡಿ ಮಾತ್ರ ಯಾರೂ ತೆಗೀಲಿಲ್ಲ. ನಮ್ಮ ಮನಿ ಒಬ್ಬಾಕಿ ಮ್ಯಾಲಿನ ಸಿಟ್ಟಿಗೆ ಊರಿನ ಅಷ್ಟೂ ಹೆಂಗಸರು, ಅಧ್ಯಕ್ಷನ ಅವ್ವ, ಅವರಜ್ಜಿ, ಆ ಕುಂಬಳಕಾಯಿ ಅಂದಾವನ ಅವ್ವ, ಎಲ್ಲಾರೂ ಗುಡ್ಡಾ ಸುತ್ತಿ ನೀರು ಹೊತ್ತರು. ನೆಗಡಿ ಬಂತಂತ ಮೂಗ ಕೊಯ್ಕೊಂಡ್ರಂತ. ನಮ್ಮೂರ ಮಂದಿ ಬಿಟ್ರ ಇಂಥಾ ಶಾಣ್ಯಾತನಾ ಯಾರು ಮಾಡ್ಯಾರು?

ಸುತ್ತಿ ಬರೂದ್ರಾಗ ನಾನು ಅರ್ಧಾ ಜೀವ ಆಗಿದ್ದೆ. ದೊಡ್ಡವ್ವ ಅವರ ಕಟ್ಟಿ ಮ್ಯಾಲ ಕುಂತು ಜ್ವಾಳಾ ಹಸನ ಮಾಡತಿದ್ಲು. “ಯಾಕವ್ವಾ, ನಿಮ್ಮ ಮನಿ ನಳಾ ಕೆಟ್ಟೈತೇನ?” ಅಂದ್ಲು.

ಕೊಡ ಆಕಿ ಕಟ್ಟಿ ಮ್ಯಾಲ ಕುಕ್ಕಿದೆ. ಉಸರ ಬಿಡೂದ್ರಾಗ ಎಲ್ಲಾ ಹೇಳಿಬಿಟ್ಟೆ. ಮುಕ್ಕಾಲು ತಾಸು, ಹತ್ತು ನಿಮಿಷ, ಪಾವಟಿಗಿ, ಮುಳ್ಳು, ಎಲ್ಲಾ. ಸಿಟ್ಟಿನ್ಯಾಗ, “ನಮ್ಮ ಮನಿ ಮ್ಯಾಲಿನ ಹಗೆಕ್ಕ ನೀವೂ ಹೊತ್ರಿ ದೊಡ್ಡವ್ವ, ನಾವೊಬ್ರ ಹೊರಲಿಲ್ಲ,” ಅಂದೆ. ದೊಡ್ಡವ್ವನ ಕೈ ಜ್ವಾಳದ ಮೊರದಾಗ ನಿಂತಿತು. ನಾನು ಬೈಸಿಗೊಂತೇನಿ ಅನಕೊಂಡೆ.

“ಹತ್ತು ನಿಮಿಷ?” ಅಂತ ಕೇಳಿದ್ಲು.

“ಅದೂ ಆಗಂಗಿಲ್ಲ.”

ಆಕಿ ಜ್ವಾಳದಾಗ ಬೆರಳ ಆಡಿಸಿದ್ಲು. “ನನ್ನ ಮೊದಲನೇದು ಆ ಏರಿನ್ಯಾಗ ಹೋತು,” ಅಂದ್ಲು. “ಏಳು ತಿಂಗಳಾಗಿತ್ತು. ಮೂರನೇ ಕೊಡ. ಕಾಲ ಜಾರಿತು. ಗಂಡಮಗಾ ಇತ್ತು. ನಿಮ್ಮವ್ವನ ನನ್ನ ಎತಗೊಂಡು ಬಂದಾಕಿ, ತನ್ನ ಕೊಡಾ ಅಲ್ಲೇ ಒಗದು. ನಾ ಇಷ್ಟು ವರ್ಷ ಶಿವಾ ಒಯ್ದ ಅನಕೊಂಡೇನಿ. ದಾರಿ ಅಂದ್ರ ಅದ ದಾರಿ ಅನಕೊಂಡಿದ್ವಿ. ಹತ್ತು ನಿಮಿಷದ್ದು ಇನ್ನೊಂದು ಇತ್ತು ಅಂತ ಒಬ್ರೂ ಅನ್ನಲಿಲ್ಲವ್ವ.” ನನಗ ಈ ಸುದ್ದಿ ಗೊತ್ತಿರಲಿಲ್ಲ. ಅವ್ವ ಎಂದೂ ಹೇಳಿದಾಕಿ ಅಲ್ಲ. ನನ್ನ ಸಿಟ್ಟೆಲ್ಲಾ ಎಲ್ಲಿ ಹೋತೋ, ಆಕಿ ಪಕ್ಕಕ್ಕ ಕುಂತೆ. ಕುಂತ ಕುಂತಲ್ಲೇ ಜ್ವಾಳಾ ಹಸನ ಮಾಡಿದೆ.

ಸೋಮವಾರದೊಳಗ ಹೊಸಾದು ಬರದೆ. ಅವ್ವಗ ಮೊದಲ ಓದಿ ತೋರಿಸಿದೆ. “ಬ್ಯಾಡ ಅಂದಿದ್ನೆಲ್ಲ,” ಅಂದ್ಲು. “ಮುಚ್ಚಿಟ್ರ ನಗತಾರ ಬೇ. ತೆರದ ಹೇಳಿದ್ರ ನಗಾಕ ಏನೂ ಉಳ್ಯಂಗಿಲ್ಲ,” ಅಂದೆ. ಅವ್ವ ಮುಖಾ ತಿರುವಿದ್ಲು. ಆದ್ರ ಸೋಮವಾರ ಸಭಾಕ್ಕ ಬಂದ್ಲು, ಗ್ವಾಡಿಗೆ ಆತು ಹಿಂದ ಕುಂತ್ಲು. ಹಾಳಿ ಎರಡೂ ಕೈಯಾಗ ಹಿಡದು ಓದಿದೆ:

‘ಮುತ್ತಿಗೆಯ ದಿನಗಳಲ್ಲಿ ಕೋಟೆಯೊಳಗಿನ ಹೊಂಡ ಬತ್ತಿತು. ಒಬ್ಬ ಹೆಣ್ಣುಮಗಳು ದಿಡ್ಡಿ ತೆರೆದಳು. ಬಂಗಾರಕ್ಕೆಂದು ಊರು ಹೇಳುತ್ತದೆ, ನೀರಿಗೆಂದು ಆಕೆಯ ಮನೆಯವರು ಹೇಳುತ್ತಾರೆ. ಇದನ್ನು ಬರೆದವಳು ಆಕೆಯ ಮನೆಯವಳು. ಊರು ಸಿಟ್ಟಿನಿಂದ ದಿಡ್ಡಿಯನ್ನು ಮುಚ್ಚಿತು. ಅಂದಿನಿಂದ ನಳ ಬರುವವರೆಗೆ ಈ ಊರಿನ ಎಲ್ಲ ಹೆಂಗಸರು ಗುಡ್ಡ ಸುತ್ತಿ ನೀರು ಹೊತ್ತರು.’

ಅಧ್ಯಕ್ಷ ಕೆಮ್ಮಿದ. “ದಿಡ್ಡೀದು ಸರಿ ಆತ್ರಿ ಅಕ್ಕಾರ. ಕಡೀ ಸಾಲು ಬ್ಯಾಡ್ರಿ. ನೀರು ಹೊತ್ತಿದ್ದು ಏನ್ ಇತಿಹಾಸರಿ? ಎಲ್ಲಾ ಊರಾಗೂ ಹೊರತಾರ.”

ನಾ ಬಾಯಿ ತೆಗಿಯೂಕಿಂತ ಮೊದಲ ಗ್ವಾಡಿ ನೆರಳಿಂದ ದೊಡ್ಡವ್ವ ಎದ್ದು ನಿಂತ್ಲು. ಊರ ಸಭಾದಾಗ ಆಕಿ ಮಾತಾಡಿದ್ದು ನಾನು ಎಂದೂ ಕೇಳಿರಲಿಲ್ಲ.

“ಯಾಕ ತಮ್ಮಾ? ಆಕಿ ತಗದದ್ದು ಒಂದ ಸಲ. ಅದು ಇತಿಹಾಸ. ನಾವು ಹೊತ್ತದ್ದು ದಿನಾ. ಅದು ಇತಿಹಾಸ ಅಲ್ಲ? ನಿನ್ನ ಹಡದಾಕಿ ಕುತಗಿ ಕಡೀತನಕಾ ಬಲಕ್ಕ ವಾಲಿತ್ತಲ್ಲ, ನೆನಪೈತೇನ ನಿನಗ? ನನ್ನ ಕೂಸು ಹ್ವಾದದ್ದು ಅಲ್ಲೇ. ಬರದ್ರ ಎರಡೂ ಬರೀರಿ. ಇಲ್ಲಾ, ಒಂದೂ ಬರೀಬ್ಯಾಡ್ರಿ.”

ಮತ್ತ ಸೆರಗ ಸರಿ ಮಾಡಕೊಂಡು ಕುಂತ್ಲು. ಅಧ್ಯಕ್ಷನ ಕೈ ತನ್ನಷ್ಟಕ್ಕ ತಾನ ಕುತಗಿಗೆ ಹೋತು. ಗಂಡಸ್ರು ಒಬ್ರ ಮಾರಿ ಒಬ್ರು ನೋಡಿದ್ರು. ವಿಚಾರ ಮಾಡೂಣು, ಮುಂದ ನೋಡೂಣು ಅಂದಕೋತ ಎದ್ರು.

ಕಲ್ಲು ಶ್ರಾವಣದಾಗ ನಿಂತಿತು. ನೋಡಾಕ ಓಡಿಹೋದೆ, ಬಸ್ಸಿನ್ಯಾಗ ನಿಂತ ಹೋದೆ. ಆಳೆತ್ತರದ ಕರೀಕಲ್ಲು, ಅದರ ಮ್ಯಾಲ ಎರಡ ಸಾಲು: ‘ಇದು ಪುರಾತನ ಕೋಟೆ. ಗೋಡೆಯ ಮೇಲೆ ಹತ್ತಬಾರದು.’ ಮುಗೀತು. ನನಗ ನಗಬೇಕೋ ಅಳಬೇಕೋ ತಿಳೀಲಿಲ್ಲ. ಎರಡು ತಿಂಗಳ ನಿದ್ದಿಗೆಟ್ಟು ಬರದದ್ದು ಎಲ್ಲಾ ಹೊಳ್ಯಾಗ ಹುಣಸಿ ತೊಳದಂಗಾತು. ಅವ್ವಗ ಮಾತ್ರ ಸಮಾಧಾನ. “ನಮ್ಮ ಸುದ್ದಿ ಇಲ್ಲಲ್ಲ, ಸಾಕು ಬಿಡ,” ಅಂದ್ಲು. ಸಾಕೇನು ಬಂತು? ನನಗ ಸಾಕಾಗಿರಲಿಲ್ಲ. ದೊಡ್ಡವ್ವಂದೂ ಇಲ್ಲಲ್ಲ ಅಂತ ಉರೀತಿತ್ತು.

ದೀಪಾವಳಿ ಮುಗದು ಎಂಟ ದಿನಕ್ಕ ನಾನು ಮತ್ತ ಊರಾಗ ಇದ್ದೆ. ದೊಡ್ಡವ್ವನ ಮಗಳನ್ನ ಬನಹಟ್ಟಿಗೆ ಕೊಟ್ಟಾರ, ಮಗ್ಗದ ಮನಿ. ಅಲ್ಲಿ ಮೊಮ್ಮಗಳ ಕೂಸಿನ ತೊಟ್ಟಲ ಕಾರ್ಯೇ ಇತ್ತು. ಮುಂಜಾನೆ ದೊಡ್ಡವ್ವನ ಮನಿಮಂದೆಲ್ಲಾ ಒಂದು ಟಂಟಂ ಗಾಡಿ ತುಂಬ ಹತ್ತಿ ಕುಂತಿದ್ರು. ದೊಡ್ಡವ್ವ ಬಾಗಲಕ್ಕ ಕೀಲಿ ಹಾಕಿ, ಎರಡು ಸಲ ಜಗ್ಗಿ ನೋಡಿ, ಇಳದು ಬಂದ್ಲು. ನಾನು ನಮ್ಮ ಕಟ್ಟಿ ಮ್ಯಾಲ ನಿಂತಿದ್ದೆ. ನಾಕನೇ ಮನಿ ಕಡೆ ಹೊಳ್ಳತಾಳ ಅಂತ ನನ್ನ ಕಣ್ಣು ಆಗಲೇ ಆ ಕಡೆ ಹೋಗಿದ್ವು. ಆಕಿ ಹೊಳ್ಳಲಿಲ್ಲ. ನೆಟ್ಟಗ ಓಣಿ ದಾಟಿ ನಮ್ಮ ಹೊಸ್ತಿಲಾ ಮುಂದ ನಿಂತು ಅವ್ವನ ಹೆಸರು ಹಿಡದು ಕೂಗಿದ್ಲು. ಅವ್ವ ಹಿಟ್ಟಿನ ಕೈಲೇ ಹೊರಗ ಬಂದ್ಲು.

“ಎರಡು ದಿನಾ ಬರಂಗಿಲ್ಲ. ಸಂಜಿಮುಂದ ದೀಪಾ ಹಚ್ಚ. ಎಮ್ಮಿ ಒದೀತೈತಿ, ದೂರ ನಿಂತು ನೀರಿಡ,” ಅಂದು ಕೀಲಿಕೈ ಅವ್ವನ ಹಿಟ್ಟಿನ ಅಂಗೈಯಾಗ ಇಟ್ಟು ಹೋಗೇಬಿಟ್ಲು. ಟಂಟಂ ಅಗಸಿ ದಾಟಿ ಇಳೀತು. ಅವ್ವ ಅಂಗೈ ಹಂಗ ಚಾಚಿಕೊಂಡ ನಿಂತಿದ್ಲು.

ಆ ಎರಡು ದಿನಾ ನಾನು ಯಾರ ಮಗಳು ಅಂತ ನನಗ ಪಕ್ಕಾ ಆತು. ಅವ್ವ ಒಂದು ಗಳಿಗಿ ಕುಂಡ್ರಲಿಲ್ಲ. ಕೀಲಿಕೈ ಸೆರಗಿನ ತುದಿಗೆ ಕಟ್ಟಿದ್ಲು. ತಾಸಿಗೊಮ್ಮೆ ಓಣಿ ದಾಟಿ ಹೋಗಿ ಕೀಲಿ ಜಗ್ಗಿ ನೋಡಿ ಬರೂದು, ಬಂದು ಸೆರಗಿಗೆ ಇನ್ನೊಂದು ಗಂಟ ಹಾಕೂದು. ಬಿಚ್ಚಿದ್ರ ಕಳೀತೈತಿ ಅಂತ, ದೀಪಾ ಹಚ್ಚಾಕ ಹೋದ್ರೂ ಸೆರಗ ಸಮೇತ ಕೀಲಿ ತೆಗಿಯೂದು. ಎಮ್ಮಿಗೆ ಎಷ್ಟು ಸಲ ನೀರು ಕುಡಿಸಿದ್ಲೋ, ಅದರ ಹೊಟ್ಟಿ ನಗಾರಿ ಆಗಿತ್ತು. “ಎವ್ವಾ, ನಾ ಒಮ್ಮೆ ನೋಡಿ ಬರತೇನಿ, ನೀ ಕುಂಡ್ರ,” ಅಂದ್ರ, “ನನ್ನ ಕೈಯಾಗ ಕೊಟ್ಟಾಳ, ನಿನ್ನ ಕೈಯಾಗಲ್ಲ,” ಅಂತ ನನ್ನ ಮ್ಯಾಲ ಹಾರಿಬಿದ್ಲು.

ಮೂರನೇ ದಿನಾ ಇಳಿಹೊತ್ತಿನ್ಯಾಗ ಟಂಟಂ ಬಂತು. ಚೀಲಾ, ಬುಟ್ಟಿ, ಮಲಗಿದ ಕೂಸು ಎಲ್ಲಾ ಹಿಡಕೊಂಡು ಎಂಟು ಮಂದಿ ಅವರ ಬಾಗಲದಾಗ ನಿಂತ್ರು. ದೊಡ್ಡವ್ವ ನಮ್ಮ ಕಟ್ಟಿಗೆ ಬಂದು ಕೈ ಚಾಚಿದ್ಲು. ಅವ್ವ ಸೆರಗ ತುದಿ ಹಿಡದು ಗಂಟ ಬಿಚ್ಚಾಕ ಹೋದ್ಲು. ಬಿಚ್ಚವಲ್ದು. ಗಂಟಿನ ಮ್ಯಾಲ ಗಂಟ ಹಾಕಿ ಬಿಗದು ಕಲ್ಲ ಮಾಡಿ ಇಟ್ಟಾಳ. ಉಗರ ಹಾಕಿದ್ಲು, ಇದ್ದ ನಾಕು ಹಲ್ಲ ಹಚ್ಚಿದ್ಲು. ಮಾರಿ ಕೆಂಪಾತು, ಕಣ್ಣಾಗ ನೀರು ಬಂದ್ವು. ದೊಡ್ಡವ್ವ ಪಕ್ಕಕ್ಕ ಕುಂತು ತಾನೂ ಜಗ್ಗಿದ್ಲು. ನಾನು ಕತ್ತರಿ ತರತೇನಿ ಅಂತ ಒಳಗ ಓಡಿದೆ. ಹೊರಗ ಬರೂದ್ರಾಗ ದೊಡ್ಡವ್ವ ಎದ್ದು ನಿಂತಿದ್ಲು.

“ಹೋಗ್ಲಿ ಬಿಡ, ಹೊಸಾ ಸೀರಿ ಹರೀಬ್ಯಾಡ,” ಅಂದ್ಲು. “ನೀನ ಬಾ. ನೀನ ಬಾಗಲಾ ತೆಗಿ.”

ಅವ್ವ ನನ್ನ ಕಡೆ ನೋಡಿದ್ಲು. ನಾ ಕತ್ತರಿ ಕಟ್ಟಿ ಮ್ಯಾಲ ಇಟ್ಟೆ. ಆಕಿ ಓಣಿ ದಾಟಿದ್ಲು. ಎಂಟು ಮಂದಿ ಎಡಕ ಬಲಕ ಸರದು ದಾರಿ ಬಿಟ್ರು. ಸೆರಗ ಗಿಡ್ಡಾಗಿ ಅವ್ವ ಕೀಲಿ ಮಟ ಬಗ್ಗಬೇಕಾತು, ಹಣಿ ಬಾಗಲಕ್ಕ ಹತ್ತಿತ್ತು. ಕೀಲಿ ಕಟ್ ಅಂತ ಬಿಚ್ಚಿತು. ಅವ್ವ ಎರಡೂ ಕದ ಒಳಗ ನೂಕಿ, ತಾನು ಪಕ್ಕಕ್ಕ ಸರದು ನಿಂತು ಅಂದ್ಲು:

“ಬರ್ರಿ. ಒಳಗ ಬರ್ರಿ.”